ಸೈಕಲ್ ಚೈನ್ ಸವೆದಿದೆಯೇ? ಕಣ್ಣು ಹೇಳದು, ಅಳತೆ ಹೇಳುತ್ತದೆ

ಹಳೆಯ ಚೈನ್ ತೆಗೆದು ಹೊಸದನ್ನು ಹಾಕಿದ ಮೇಲೆ ಸೈಕಲ್ ಮೊದಲಿಗಿಂತ ಹಗುರವಾಗಿ ಓಡಬೇಕು. ಎಷ್ಟೋ ಸಲ ಆಗುವುದೇ ಬೇರೆ. ಏರಿನಲ್ಲಿ ಪೆಡಲನ್ನು ಬಲವಾಗಿ ತುಳಿದ ಕೂಡಲೇ ಚೈನ್ ‘ಕಟಕ್’ ಎಂದು ಹಲ್ಲಿನ ಮೇಲಿಂದ ಹಾರುತ್ತದೆ, ಕಾಲು ಒಮ್ಮೆಲೇ ಕೆಳಗೆ ಜಾರುತ್ತದೆ, ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಹಳೆಯ ಚೈನ್ ಇದ್ದಾಗ ಈ ತೊಂದರೆ ಇರಲೇ ಇಲ್ಲ. ಹಾಗಾಗಿ ಹೊಸ ಚೈನೇ ಕಳಪೆ ಎಂಬ ತೀರ್ಮಾನಕ್ಕೆ ಬರುವುದು ಸಹಜ.

ಹೆಚ್ಚಿನ ಸಂದರ್ಭಗಳಲ್ಲಿ ಆ ಹೊಸ ಚೈನಿನಲ್ಲಿ ಯಾವ ದೋಷವೂ ಇರುವುದಿಲ್ಲ. ಅದು ತಡವಾಗಿ ಬಂದಿರುತ್ತದೆ, ಅಷ್ಟೆ. ಹಳೆಯ ಚೈನ್ ತಾನು ಸವೆಯುತ್ತಲೇ ಹಿಂಚಕ್ರದ ಹಲ್ಲುಗಳನ್ನೂ ತನ್ನ ಅಳತೆಗೆ ತಕ್ಕಂತೆ ಸವೆಸಿಬಿಟ್ಟಿರುತ್ತದೆ. ಸವೆದ ಚೈನಿಗೂ ಸವೆದ ಹಲ್ಲಿಗೂ ಹೊಂದಾಣಿಕೆ ಇತ್ತು. ಹೊಸ ಚೈನಿಗೆ ಆ ಹಲ್ಲು ಹೊಂದುವುದಿಲ್ಲ. ಈ ಹಂತಕ್ಕೆ ಬರುವ ಮೊದಲೇ ಚೈನ್ ಬದಲಿಸಿದ್ದರೆ ಹಲ್ಲುಗಳು ಉಳಿಯುತ್ತಿದ್ದವು. ಆ ‘ಮೊದಲು’ ಎಂದರೆ ಯಾವಾಗ ಎಂಬುದನ್ನು ಹೇಗೆ ತಿಳಿಯುವುದು ಎನ್ನುವುದೇ ಈ ಲೇಖನದ ವಿಷಯ.

## ಚೈನಿನಲ್ಲಿ ಏನೇನಿದೆ

ಸವೆತ ಎಲ್ಲಿ ಆಗುತ್ತದೆ ಎಂದು ಅರ್ಥವಾಗಬೇಕಾದರೆ ಒಂದೆರಡು ಕೊಂಡಿಗಳನ್ನು ಹತ್ತಿರದಿಂದ ನೋಡಬೇಕು. ಚೈನಿನಲ್ಲಿ ಹೊರಕೊಂಡಿ, ಒಳಕೊಂಡಿ ಎಂಬ ಎರಡು ಬಗೆಗಳು ಒಂದು ಬಿಟ್ಟು ಒಂದರಂತೆ ಬರುತ್ತವೆ. ಹೊರಕೊಂಡಿಯಲ್ಲಿ ಎರಡು ಪಟ್ಟಿಗಳಿದ್ದು, ಅವುಗಳ ಎರಡೂ ತುದಿಗಳಿಗೆ ಉಕ್ಕಿನ ಪಿನ್‌ಗಳನ್ನು ಅಲ್ಲಾಡದಂತೆ ಕೂರಿಸಿರುತ್ತಾರೆ. ಒಳಕೊಂಡಿಯಲ್ಲೂ ಎರಡು ಪಟ್ಟಿಗಳು. ಅವುಗಳ ರಂಧ್ರದ ಮೂಲಕ ಪಕ್ಕದ ಹೊರಕೊಂಡಿಯ ಪಿನ್ ಹಾಯ್ದುಹೋಗುತ್ತದೆ. ಈ ರಂಧ್ರದೊಳಗೆ ಪಿನ್ ತಿರುಗಬಲ್ಲದು. ಚೈನ್ ಬಾಗುವುದು ಇದರಿಂದಲೇ. ಒಳಪಟ್ಟಿಗಳ ನಡುವೆ, ಪಿನ್ನಿನ ಸುತ್ತ ಸಲೀಸಾಗಿ ಉರುಳುವ ಪುಟ್ಟ ಉಂಗುರವೇ ರೋಲರ್. ಹಲ್ಲುಚಕ್ರದ ಹಲ್ಲಿಗೆ ತಾಗುವುದು ಈ ರೋಲರ್ ಮಾತ್ರ.

ಈ ಬಗೆಯ ರೋಲರ್ ಚೈನಿಗೆ ಎಂಜಿನಿಯರ್ ಹ್ಯಾನ್ಸ್ ರೆನೊಲ್ಡ್ ಪೇಟೆಂಟ್ ಪಡೆದದ್ದು 1880ರಲ್ಲಿ. ಆತನ ಚೈನಿನಲ್ಲಿ ಪಿನ್ನಿಗೂ ರೋಲರಿಗೂ ನಡುವೆ ಬುಷ್ ಎಂಬ ಪ್ರತ್ಯೇಕ ಕೊಳವೆ ಇತ್ತು. ಇಂದಿನ ಗೇರ್ ಸೈಕಲ್‌ಗಳ ಚೈನಿನಲ್ಲಿ ಆ ಕೊಳವೆ ಇಲ್ಲ. ಅದರ ಬದಲು ಒಳಪಟ್ಟಿಗಳ ರಂಧ್ರದ ಅಂಚನ್ನೇ ಒಳಮುಖವಾಗಿ ಉಬ್ಬಿಸಿ ಎರಡು ಕಡೆಯಿಂದ ಅರ್ಧರ್ಧ ಕೊಳವೆಯಂತೆ ಮಾಡಿರುತ್ತಾರೆ. ಇದರಿಂದ ಚೈನ್ ಅಕ್ಕಪಕ್ಕಕ್ಕೆ ಸುಲಭವಾಗಿ ಬಳುಕಿ ಗೇರ್‌ನಿಂದ ಗೇರ್‌ಗೆ ಚುರುಕಾಗಿ ಜಿಗಿಯುತ್ತದೆ.

ನೆನಪಿಡಬೇಕಾದ ಅಳತೆ ಒಂದೇ. ಒಂದು ಪಿನ್ನಿನ ನಡುವಿನಿಂದ ಮುಂದಿನ ಪಿನ್ನಿನ ನಡುವಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಇದಕ್ಕೆ ಪಿಚ್ ಎನ್ನುತ್ತಾರೆ. ಗೇರ್ ಇಲ್ಲದ ಸಾದಾ ಸೈಕಲ್ ಇರಲಿ, ಹಿಂದೆ 12 ಹಲ್ಲುಚಕ್ರಗಳಿರುವ ರೇಸಿಂಗ್ ಸೈಕಲ್ ಇರಲಿ, ಇವತ್ತಿನ ಸೈಕಲ್ ಚೈನಿನ ಪಿಚ್ ಇಷ್ಟೇ. ಹಲ್ಲುಗಳ ನಡುವಿನ ಅಂತರವನ್ನೂ ಇದೇ ಲೆಕ್ಕದಲ್ಲಿ ಕಡೆದಿರುತ್ತಾರೆ. ಒಂದು ಒಳಕೊಂಡಿ ಮತ್ತು ಒಂದು ಹೊರಕೊಂಡಿ ಸೇರಿದ ಜೋಡಿಯ ಉದ್ದ ಸರಿಯಾಗಿ ಒಂದು ಇಂಚು. ಮುಂದೆ ಹೇಳುವ ಅಳತೆಯ ವಿಧಾನ ಪೂರ್ತಿ ನಿಂತಿರುವುದು ಇದರ ಮೇಲೆ.

## ಚೈನ್ ಉದ್ದವಾಗುವುದು ಹೇಗೆ

ಸವೆದ ಚೈನನ್ನು ‘ಎಳೆದುಕೊಂಡಿದೆ’, ‘ಹಿಗ್ಗಿದೆ’ ಎಂದು ಹೇಳುವುದು ರೂಢಿ. ಚೈನ್ ಉದ್ದವಾಗಿರುವುದು ನಿಜ, ಆದರೆ ಅದರ ಪಟ್ಟಿಗಳು ಹಿಗ್ಗಿರುವುದಿಲ್ಲ. ಸಾಮಾನ್ಯ ತುಳಿತಕ್ಕೆ ಆ ಉಕ್ಕು ಜಗ್ಗುವುದಿಲ್ಲ. ಸವೆಯುವುದು ಪಿನ್ನಿನ ಮೈ ಮತ್ತು ಅದು ತಿರುಗುವ ರಂಧ್ರದ ಒಳಮೈ. ಹಳೆಯ ಮನೆಯ ಬಾಗಿಲಿನ ಕೀಲಿನಲ್ಲಿ ಕಡ್ಡಿ ಸವೆದು ಸಡಿಲವಾದಾಗ ಬಾಗಿಲು ಕೆಳಗಿಳಿದು ಹೊಸ್ತಿಲಿಗೆ ಉಜ್ಜತೊಡಗುತ್ತದೆ. ಬಾಗಿಲಾಗಲಿ ಚೌಕಟ್ಟಾಗಲಿ ಅಳತೆಯಲ್ಲಿ ಬದಲಾಗಿರುವುದಿಲ್ಲ. ಚೈನಿನಲ್ಲಿ ಇಂಥ ನೂರಕ್ಕೂ ಹೆಚ್ಚು ಕೀಲುಗಳಿವೆ. ಪ್ರತಿಯೊಂದರಲ್ಲೂ ಕೂದಲೆಳೆಯಷ್ಟು ಸಡಿಲ ಬಂದರೂ ಸಾಕು, ಎಲ್ಲವೂ ಕೂಡಿ ಕಣ್ಣಿಗೆ ಕಾಣುವ ಉದ್ದವಾಗುತ್ತದೆ.

ಈ ಕೀಲುಗಳ ದುಡಿಮೆ ಎಷ್ಟೆಂದು ಲೆಕ್ಕ ಹಾಕಿ ನೋಡಿದರೆ ಅಚ್ಚರಿಯಾಗುತ್ತದೆ. ಡಿರೇಲರ್, ಅಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ, ಇರುವ ಗೇರ್ ಸೈಕಲ್‌ನಲ್ಲಿ ಚೈನ್ ಒಂದು ಸುತ್ತು ಬರುವಷ್ಟರಲ್ಲಿ ಪ್ರತಿ ಕೀಲೂ ಒಟ್ಟು ಎಂಟು ಸಲ ಮಡಿಚಿಕೊಳ್ಳುತ್ತದೆ ಇಲ್ಲವೇ ಬಿಚ್ಚಿಕೊಳ್ಳುತ್ತದೆ: ಮುಂದಿನ ಹಲ್ಲುಚಕ್ರವನ್ನು ಏರುವಾಗ ಮತ್ತು ಇಳಿಯುವಾಗ, ಹಿಂದಿನದರಲ್ಲಿ ಹಾಗೆಯೇ ಎರಡು ಸಲ, ಡಿರೇಲರಿನ ಎರಡು ಪುಟ್ಟ ಗಾಲಿಗಳಲ್ಲಿ ನಾಲ್ಕು ಸಲ. ಮುಂದೆ 40 ಹಲ್ಲಿನ ಚಕ್ರ, 114 ಕೊಂಡಿಗಳ ಚೈನ್, ನಿಮಿಷಕ್ಕೆ 80 ಸುತ್ತು ತುಳಿಯುವ ಸವಾರ ಎಂದಿಟ್ಟುಕೊಂಡರೆ ಚೈನ್ ನಿಮಿಷಕ್ಕೆ 28 ಸಲ ಸುತ್ತುತ್ತದೆ. ಅಂದರೆ ಒಂದು ಗಂಟೆಯಲ್ಲಿ ಪ್ರತಿ ಕೀಲೂ 13 ಸಾವಿರಕ್ಕಿಂತ ಹೆಚ್ಚು ಸಲ ಉಜ್ಜಿಕೊಳ್ಳುತ್ತದೆ.

ಅದೂ ಹಗುರವಾಗಿ ಉಜ್ಜಿಕೊಳ್ಳುವುದಲ್ಲ. ಎದ್ದು ನಿಂತು 70 ಕೆ.ಜಿ. ಭಾರವನ್ನೆಲ್ಲ ಅಡ್ಡ ನಿಂತ ಪೆಡಲ್ ಮೇಲೆ ಹಾಕಿದಾಗ, 170 ಮಿ.ಮೀ. ಉದ್ದದ ಕ್ರ್ಯಾಂಕ್ (ಪೆಡಲನ್ನು ಜೋಡಿಸಿರುವ ತೋಳು) ಮತ್ತು 40 ಹಲ್ಲಿನ ಚಕ್ರ ಇದ್ದರೆ, ಚೈನಿನ ಮೇಲೆ ಬೀಳುವ ಎಳೆತ ಸುಮಾರು 147 ಕೆ.ಜಿ. ಭಾರಕ್ಕೆ ಸಮ. ಮುಂದಿನ ಚಕ್ರ ಇನ್ನೂ ಚಿಕ್ಕದಾದರೆ ಎಳೆತ ಇನ್ನೂ ಹೆಚ್ಚು. ಕೀಲಿನೊಳಗೆ ಎಣ್ಣೆಯ ಪೊರೆ ಇರುವವರೆಗೆ ಉಕ್ಕು ಉಕ್ಕಿಗೆ ನೇರವಾಗಿ ತಾಗುವುದಿಲ್ಲ. ಎಣ್ಣೆ ಆರಿದಾಗ ಸವೆತ ಶುರುವಾಗುತ್ತದೆ. ನುಣ್ಣನೆಯ ಮರಳು, ಧೂಳು ಎಣ್ಣೆಯೊಡನೆ ಕಲಸಿ ಒಳಗಿಳಿದರಂತೂ ಅದು ಉಕ್ಕನ್ನು ಅರೆಯುವ ಲೇಪವೇ ಆಗಿಬಿಡುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಸಂಗತಿ ಇದೆ. ರೋಲರ್‌ಗಳು ಕೂತಿರುವುದು ಒಳಕೊಂಡಿಯ ಮೇಲೆ. ಒಂದೇ ಒಳಕೊಂಡಿಯ ಎರಡು ರೋಲರ್‌ಗಳ ನಡುವಿನ ಅಂತರ ಚೈನ್ ಎಷ್ಟು ಹಳತಾದರೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಪಿನ್ ಸವೆದಾಗ ದೂರವಾಗುವುದು ಪಕ್ಕಪಕ್ಕದ ಎರಡು ಒಳಕೊಂಡಿಗಳು. ಹೀಗಾಗಿ ಸವೆದ ಚೈನಿನಲ್ಲಿ ಒಂದು ಅಂತರ ಸರಿಯಾಗಿದ್ದರೆ ಮುಂದಿನದು ಹಿರಿದಾಗಿರುತ್ತದೆ, ಅದರ ಮುಂದಿನದು ಮತ್ತೆ ಸರಿ. ಶೇ 0.5ರಷ್ಟು ಸವೆತ ಎಂದರೆ ಒಂದು ಕೀಲಿಗೆ ಸುಮಾರು 0.06 ಮಿ.ಮೀ. ಸಡಿಲ. ಒಂದೊಂದೇ ಕೊಂಡಿಯನ್ನು ನೋಡುತ್ತಾ ಕೂತರೆ ಇದು ಎಂದಿಗೂ ಕಣ್ಣಿಗೆ ಬೀಳದು. 114 ಕೊಂಡಿಗಳ ಇಡೀ ಚೈನಿನಲ್ಲಿ ಅದೇ ಸವೆತ 7 ಮಿ.ಮೀ. ಮೀರುತ್ತದೆ.

## ಹಲ್ಲುಗಳಿಗೆ ಆಗುವ ಹಾನಿ

ಹೊಸ ಚೈನ್ ಹೊಸ ಹಲ್ಲುಚಕ್ರದ ಮೇಲೆ ಕೂತಾಗ ರೋಲರ್‌ಗಳು ಹಲ್ಲುಗಳ ನಡುವಿನ ತಗ್ಗಿನಲ್ಲಿ ತಳದವರೆಗೆ ಇಳಿಯುತ್ತವೆ. ಎಳೆತ ಹಲವು ಹಲ್ಲುಗಳಿಗೆ ಹಂಚಿಹೋಗುತ್ತದೆ. ಚೈನ್ ಉದ್ದವಾದಂತೆ ರೋಲರ್‌ಗಳ ನಡುವಿನ ದೂರ ಹಲ್ಲುಗಳ ನಡುವಿನ ದೂರವನ್ನು ಮೀರುತ್ತದೆ. ಆಗ ರೋಲರ್‌ಗಳು ತಳದಲ್ಲಿ ಕೂರಲಾರದೆ ಹಲ್ಲಿನ ಇಳಿಜಾರನ್ನು ಏರಿ ಮೇಲೆ ಕೂರುತ್ತವೆ, ಕೆಲವೇ ಹಲ್ಲುಗಳ ಮೇಲೆ ಭಾರ ಬೀಳುತ್ತದೆ. ಆ ಭಾಗ ಬೇಗ ಸವೆಯುತ್ತದೆ. ಹಲ್ಲು ಕ್ರಮೇಣ ಒಂದು ಕಡೆಗೆ ಬಾಗಿ ತುದಿ ಚೂಪಾಗುತ್ತದೆ, ಎರಡು ಹಲ್ಲುಗಳ ನಡುವಿನ ತಗ್ಗು ಅಗಲವಾಗುತ್ತದೆ.

ಇಂಥ ಹಲ್ಲಿಗೆ ಹೊಸ ಚೈನ್ ಹಾಕಿದರೆ ಅದರ ಪಿಚ್ ಸರಿಯಾಗಿ 12.7 ಮಿ.ಮೀ. ಆದರೆ ಹಲ್ಲುಗಳು ಉದ್ದನೆಯ ಚೈನಿಗೆ ಒಗ್ಗಿಹೋಗಿವೆ. ಎಳೆತ ಹೆಚ್ಚಾದಾಗ ರೋಲರ್ ಬಾಗಿದ ಹಲ್ಲಿನ ಮೈಯ ಮೇಲೆ ಏರಿ ತುದಿಯನ್ನು ದಾಟಿಬಿಡುತ್ತದೆ. ಮೊದಲಿಗೆ ಹೇಳಿದ ‘ಕಟಕ್’ ಸದ್ದು ಇದೇ. ಸಮತಟ್ಟಾದ ರಸ್ತೆಯಲ್ಲಿ ಮೆಲ್ಲಗೆ ತುಳಿಯುವಾಗ ಇದು ಕಾಣಿಸಿಕೊಳ್ಳದೆ ಇರಬಹುದು. ಎದ್ದು ನಿಂತು ತುಳಿಯುವಾಗಲೇ ಆಗುವುದರಿಂದ ಬೀಳುವ ಅಪಾಯ ನಿಜವಾದದ್ದು.

ಎಲ್ಲ ಹಲ್ಲುಚಕ್ರಗಳೂ ಒಂದೇ ಸಮನೆ ಸವೆಯುವುದಿಲ್ಲ. ಹಿಂಚಕ್ರದಲ್ಲಿ ಒಟ್ಟಾಗಿ ಜೋಡಿಸಿದ ಹಲ್ಲುಚಕ್ರಗಳ ಗುಂಪಿಗೆ ಕ್ಯಾಸೆಟ್ ಎನ್ನುತ್ತಾರೆ. ಅದರಲ್ಲಿ 11 ಹಲ್ಲಿನ ಚಿಕ್ಕ ಚಕ್ರದ ಪ್ರತಿ ಹಲ್ಲಿಗೂ ಹನ್ನೊಂದು ಕೊಂಡಿಗೊಮ್ಮೆ ಸರದಿ ಬರುತ್ತದೆ. 28 ಹಲ್ಲಿನದಕ್ಕೆ ಇಪ್ಪತ್ತೆಂಟಕ್ಕೊಮ್ಮೆ. ಜೊತೆಗೆ ಚಿಕ್ಕ ಚಕ್ರದಲ್ಲಿ ಒಂದು ಹೊತ್ತಿಗೆ ಚೈನನ್ನು ಹಿಡಿದಿರುವುದು ಐದಾರು ಹಲ್ಲುಗಳು ಮಾತ್ರ. ಹಾಗಾಗಿ ಚಿಕ್ಕವು ಮತ್ತು ಸವಾರ ಸದಾ ಬಳಸುವ ಒಂದೆರಡು ಗೇರ್‌ಗಳು ಮೊದಲು ಹಾಳಾಗುತ್ತವೆ. ಮುಂದಿನ ದೊಡ್ಡ ಹಲ್ಲುಚಕ್ರ ಇವೆಲ್ಲಕ್ಕಿಂತ ಹೆಚ್ಚು ಕಾಲ ಬಾಳುತ್ತದೆ.

## ಸವಾರನಿಗೆ ಏಕೆ ತಿಳಿಯುವುದಿಲ್ಲ

ಟೈರ್ ಸವೆದರೆ ಕಾಣುತ್ತದೆ, ಬ್ರೇಕ್ ಸವೆದರೆ ಹಿಡಿ ಸಡಿಲವಾಗುತ್ತದೆ. ಚೈನ್ ಮಾತ್ರ ಸುಳಿವು ಕೊಡುವುದಿಲ್ಲ. ಗೇರ್ ಸೈಕಲ್‌ನ ಡಿರೇಲರಿನಲ್ಲಿ ಚೈನನ್ನು ಸದಾ ಬಿಗಿಯಾಗಿಡುವ ಸ್ಪ್ರಿಂಗ್ ಇದೆ. ಚೈನ್ 7 ಮಿ.ಮೀ. ಉದ್ದವಾದರೂ 14 ಮಿ.ಮೀ. ಉದ್ದವಾದರೂ ಅದು ಆ ಸಡಿಲವನ್ನು ಸದ್ದಿಲ್ಲದೆ ಎಳೆದುಕೊಳ್ಳುತ್ತದೆ. ಹಲ್ಲುಗಳೂ ಜೊತೆಜೊತೆಗೇ ಸವೆಯುವುದರಿಂದ ಪೆಡಲಿನಡಿ ಎಲ್ಲವೂ ನಯವಾಗಿಯೇ ಇರುತ್ತದೆ. ಗೇರ್ ಬದಲಾಗುವುದು ಸ್ವಲ್ಪ ನಿಧಾನವಾಗಬಹುದು, ಸದ್ದು ಸ್ವಲ್ಪ ಹೆಚ್ಚಬಹುದು. ದಿನವೂ ಅದೇ ಸೈಕಲ್ ತುಳಿಯುವವರ ಗಮನಕ್ಕೆ ಈ ನಿಧಾನದ ಬದಲಾವಣೆ ಬರುವುದು ಕಷ್ಟ.

ಗೇರ್ ಇಲ್ಲದ ಸೈಕಲ್‌ನಲ್ಲಿ ಚೈನ್ ಜೋತುಬೀಳುವುದು ಕಾಣುತ್ತದೆ. ಆದರೆ ಅಲ್ಲಿಯೂ ಹಿಂಚಕ್ರವನ್ನು ಸ್ವಲ್ಪ ಹಿಂದಕ್ಕೆ ಸರಿಸಿ ನಟ್ ಬಿಗಿ ಮಾಡಿದರೆ ಲಕ್ಷಣ ಮರೆಯಾಗುತ್ತದೆ, ಸವೆತ ಹಾಗೆಯೇ ಉಳಿಯುತ್ತದೆ. ಇಂಥ ಸೈಕಲ್‌ನಲ್ಲಿ ಚೈನ್ ಬಿಗಿ ಮಾಡಬೇಕಾದ ಸಂದರ್ಭ ಪದೇ ಪದೇ ಬರುತ್ತಿದ್ದರೆ, ಬಿಗಿ ಮಾಡುವ ಮೊದಲು ಅಳೆದು ನೋಡುವುದು ಜಾಣತನ.

## ಸ್ಕೇಲಿನಿಂದ ಅಳೆಯುವುದು

ಅತ್ಯಂತ ನಂಬಿಕಸ್ಥ ಸಾಧನ ಇಂಚುಗಳ ಗುರುತಿರುವ ಉಕ್ಕಿನ ಸ್ಕೇಲ್ ಅಥವಾ ಟೇಪ್. ಮೊದಲು ಚೈನನ್ನು ಒಣಬಟ್ಟೆಯಿಂದ ಒರೆಸಿ ಪಿನ್‌ಗಳ ತಲೆ ಸ್ಪಷ್ಟವಾಗಿ ಕಾಣುವಂತೆ ಮಾಡಿಕೊಳ್ಳಿ. ಚೈನ್ ಸೈಕಲ್‌ನಲ್ಲೇ ಇರಲಿ. ಹಿಂದಿನ ಬ್ರೇಕ್ ಹಿಡಿದು ಪೆಡಲನ್ನು ಮೆಲ್ಲಗೆ ಒತ್ತಿದರೆ ಮೇಲಿನ ಭಾಗ ಬಿಗಿಯಾಗುತ್ತದೆ. ಈ ಬಿಗಿ ಇಲ್ಲದಿದ್ದರೆ ಕೀಲುಗಳೊಳಗಿನ ಸಡಿಲ ಅಡಗಿಕೊಂಡು ಅಳತೆ ಕಡಿಮೆ ತೋರುತ್ತದೆ. ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಅಳೆದರೆ ಸುಲಭ.

ಸ್ಕೇಲಿನ ಸೊನ್ನೆಯನ್ನು ಒಂದು ಪಿನ್ನಿನ ಎಡ ಅಂಚಿಗೆ ಸರಿಯಾಗಿ ಹಿಡಿಯಿರಿ. ನಡುವನ್ನು ಅಂದಾಜಿಸುವುದಕ್ಕಿಂತ ಅಂಚು ಹಿಡಿಯುವುದು ನಿಖರ. ಅದನ್ನೇ ಒಂದನೆಯ ಪಿನ್ ಎಂದು ಎಣಿಸಿದರೆ 25ನೆಯ ಪಿನ್ನಿನ ಎಡ ಅಂಚು, ಹೊಸ ಚೈನಿನಲ್ಲಿ, ಸರಿಯಾಗಿ 12 ಇಂಚಿನ ಗೆರೆಯ ಮೇಲೆ ಬರುತ್ತದೆ. ಸವೆದ ಚೈನಿನಲ್ಲಿ ಅದು ಗೆರೆಯನ್ನು ದಾಟಿರುತ್ತದೆ. ಎಷ್ಟು ದಾಟಿದೆ ಎಂಬುದೇ ನಮಗೆ ಬೇಕಾದ ಉತ್ತರ. ಇಂಚಿನ ಹದಿನಾರನೆಯ ಒಂದು ಭಾಗ ದಾಟಿದ್ದರೆ ಸವೆತ ಸುಮಾರು ಶೇ 0.5. ಎಂಟನೆಯ ಒಂದು ಭಾಗ ದಾಟಿದ್ದರೆ ಸುಮಾರು ಶೇ 1. ಇವೆರಡರ ನಡುವೆ ಇದ್ದರೆ ಸುಮಾರು ಶೇ 0.75.

ಮಕ್ಕಳ ಪೆಟ್ಟಿಗೆಯಲ್ಲಿರುವ 30 ಸೆಂಟಿಮೀಟರ್ ಸ್ಕೇಲಿನಿಂದ ಇದಾಗದು, ಏಕೆಂದರೆ 12 ಇಂಚು ಎಂದರೆ 304.8 ಮಿ.ಮೀ. ಅದೊಂದೇ ಕೈಯಲ್ಲಿದ್ದರೆ 23ನೆಯ ಪಿನ್ನಿನವರೆಗೆ ಮಾತ್ರ ಅಳೆಯಿರಿ. ಹೊಸ ಚೈನಿನಲ್ಲಿ ಅದು 279.4 ಮಿ.ಮೀ. ಬರಬೇಕು. 280.8ಕ್ಕೆ ಬಂದರೆ ಶೇ 0.5, 281.5ಕ್ಕೆ ಶೇ 0.75, 282.2ಕ್ಕೆ ಶೇ 1. ಒಂದೂವರೆ ಮಿಲಿಮೀಟರಿನ ವ್ಯತ್ಯಾಸದಲ್ಲಿ ಇಡೀ ತೀರ್ಮಾನ ಅಡಗಿರುವುದರಿಂದ ಒಳ್ಳೆಯ ಬೆಳಕಿನಲ್ಲಿ, ಕಣ್ಣನ್ನು ಗೆರೆಯ ನೇರಕ್ಕೆ ತಂದು ಓದಬೇಕು. ಓರೆಯಾಗಿ ನೋಡಿದರೆ ಅಷ್ಟು ವ್ಯತ್ಯಾಸ ಕಣ್ಣಿನಿಂದಲೇ ಬಂದುಬಿಡುತ್ತದೆ. ಪೆಡಲ್ ತಿರುಗಿಸಿ ಚೈನಿನ ಮೂರು ನಾಲ್ಕು ಕಡೆ ಅಳೆದು, ಅತಿ ಹೆಚ್ಚು ಬಂದ ಅಂಕಿಯನ್ನು ಹಿಡಿಯಿರಿ.

ಮುಂದಿನ ಹಲ್ಲುಚಕ್ರದ ಮುಂಭಾಗದಲ್ಲಿ ಚೈನನ್ನು ಬೆರಳಿನಿಂದ ಹಿಡಿದು ಮುಂದಕ್ಕೆ ಎಳೆದು ನೋಡುವ ಪದ್ಧತಿಯೂ ಇದೆ. ಹಲ್ಲಿನ ಅರ್ಧದಷ್ಟು ಬಯಲಾಗುವಂತೆ ಚೈನ್ ಎದ್ದು ಬಂದರೆ ಅದು ಚೆನ್ನಾಗಿಯೇ ಸವೆದಿದೆ. ಆದರೆ ಈ ಪರೀಕ್ಷೆ ಗುರುತಿಸುವುದು ಕೈಮೀರಿದ ಸವೆತವನ್ನು. ಕ್ಯಾಸೆಟ್ ಉಳಿಸಿಕೊಳ್ಳಬೇಕು ಎನ್ನುವವರಿಗೆ ಇದು ಸಾಲದು.

## ಗೇಜ್ ಎಂಬ ಪುಟ್ಟ ಸಾಧನ

ಸೈಕಲ್ ಅಂಗಡಿಗಳಲ್ಲಿ ಸಿಗುವ ಚೈನ್ ಗೇಜ್ ಒಂದು ಉಕ್ಕಿನ ಪಟ್ಟಿ. ಒಂದು ತುದಿಯ ಕೊಕ್ಕೆಯನ್ನು ಚೈನಿಗೆ ಸಿಕ್ಕಿಸಿ ಇನ್ನೊಂದು ತುದಿಯನ್ನು ಕೊಂಡಿಗಳ ನಡುವೆ ಬಿಡಬೇಕು. ತುದಿ ಒಳಗಿಳಿಯದಿದ್ದರೆ ಚೈನ್ ಇನ್ನೂ ಚೆನ್ನಾಗಿದೆ. ಪೂರ್ತಿ ಇಳಿದರೆ ಅದರ ಮೇಲೆ ಕೊರೆದಿರುವ 0.5, 0.75 ಅಥವಾ 1 ಎಂಬ ಮಿತಿ ಮುಟ್ಟಿದೆ. ಬೆರಳಿನಿಂದ ಒತ್ತಿ ಇಳಿಸಬಾರದು, ತನ್ನ ಭಾರಕ್ಕೆ ತಾನೇ ಇಳಿಯಬೇಕು.

ಇದರಲ್ಲಿ ಒಂದು ದೌರ್ಬಲ್ಯವಿದೆ. ಎರಡೇ ಕಡೆ ತಾಗುವ ಸರಳ ಗೇಜ್ ಎರಡು ತುದಿಯ ರೋಲರ್‌ಗಳನ್ನು ಎದುರುಬದುರು ದಿಕ್ಕಿಗೆ ತಳ್ಳುತ್ತದೆ. ಹೀಗಾಗಿ ಪಿನ್ ಸವೆತದ ಜೊತೆಗೆ ರೋಲರಿನ ಸ್ವಂತ ಸಡಿಲವೂ ಲೆಕ್ಕಕ್ಕೆ ಸೇರುತ್ತದೆ. ಓಡುವಾಗ ಎಲ್ಲ ರೋಲರ್‌ಗಳೂ ಒಂದೇ ಕಡೆಗೆ ಒತ್ತಿಕೊಂಡಿರುವುದರಿಂದ ಆ ಸಡಿಲ ಪಿಚ್ಚನ್ನು ಬದಲಿಸುವುದಿಲ್ಲ. ಪರಿಣಾಮವಾಗಿ ಇಂಥ ಗೇಜ್ ಸವೆತವನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸಬಹುದು. ಮೂರು ಕಡೆ ತಾಗುವ ಗೇಜ್‌ಗಳು ರೋಲರ್‌ಗಳನ್ನು ಒಂದೇ ದಿಕ್ಕಿಗೆ ಒತ್ತಿ ಪಿನ್ ಸವೆತವನ್ನಷ್ಟೇ ಅಳೆಯುತ್ತವೆ. ಎರಡರಲ್ಲಿ ಆರಿಸುವುದಾದರೆ ಮೂರು ಕಡೆ ತಾಗುವುದೇ ಮೇಲು. ಸರಳ ಗೇಜ್ ಮಾತ್ರ ಇದ್ದರೂ ಚಿಂತೆಯಿಲ್ಲ: ಅದು ಬೇಗ ಎಚ್ಚರಿಸುತ್ತದೆ, ತಡವಾಗಿ ಅಲ್ಲ. ಅನುಮಾನವಿದ್ದರೆ ಸ್ಕೇಲಿನಿಂದ ಮತ್ತೊಮ್ಮೆ ಅಳೆದರಾಯಿತು. ಸ್ರಾಮ್ ಕಂಪನಿಯ ಫ್ಲ್ಯಾಟ್‌ಟಾಪ್ ಚೈನ್‌ಗಳ ರೋಲರ್ ಮಾತ್ರ ಬೇರೆಯವುಗಳಿಗಿಂತ ದಪ್ಪ. ಅವುಗಳಿಗೆ ಹೊಂದುತ್ತದೆಂದು ಹೇಳಿರುವ ಗೇಜನ್ನೇ ಬಳಸಬೇಕು.

## ಯಾವ ಅಂಕಿಗೆ ಬದಲಿಸಬೇಕು

ಇಲ್ಲಿ ಎಲ್ಲರಿಗೂ ಒಂದೇ ಉತ್ತರವಿಲ್ಲ. ಹಿಂದೆ 11 ಅಥವಾ 12 ಹಲ್ಲುಚಕ್ರಗಳಿರುವ ಸೈಕಲ್‌ಗೆ ಶೇ 0.5 ಎಂಬುದು ವ್ಯಾಪಕವಾಗಿ ಒಪ್ಪಿರುವ ಮಿತಿ. ಇವುಗಳಲ್ಲಿ ಎಲ್ಲವೂ ತೆಳು, ಕ್ಯಾಸೆಟ್ ದುಬಾರಿ, ಗೇರ್ ಬದಲಾವಣೆಯ ನಿಖರತೆಯೂ ಬಿಗಿ. 10 ಮತ್ತು ಅದಕ್ಕಿಂತ ಕಡಿಮೆ ಗೇರ್‌ಗಳಿದ್ದರೆ ಶೇ 0.75ರವರೆಗೆ ಹೋಗಬಹುದು. ಹಿಂದೆ ಮುಂದೆ ಒಂದೊಂದೇ ಹಲ್ಲುಚಕ್ರವಿರುವ ಸಾದಾ ಸೈಕಲ್‌ನಲ್ಲಿ ಅಥವಾ ಹಿಂಚಕ್ರದ ಗುಂಬದೊಳಗೇ (ಹಬ್) ಗೇರ್ ಇರುವ ಸೈಕಲ್‌ನಲ್ಲಿ ಶೇ 1ರವರೆಗೂ ಕಾಯಬಹುದು. ಅಲ್ಲಿನ ಹಲ್ಲು ದಪ್ಪ, ಚೈನ್ ಸದಾ ನೇರವಾಗಿ ಓಡುತ್ತದೆ.

ಈ ಅಂಕಿಗಳು ಚೈನ್ ತುಂಡಾಗುವ ಹಂತವನ್ನು ಹೇಳುವುದಿಲ್ಲ. ಶೇ 1 ಸವೆದ ಚೈನ್ ಕೂಡ ಮುರಿಯದೆ ಓಡಬಹುದು. ಇವು ಹೇಳುವುದು ಹಲ್ಲುಗಳಿಗೆ ಹಾನಿ ವೇಗ ಪಡೆಯುವ ಹಂತವನ್ನು. ಕ್ರ್ಯಾಂಕಿನ ಬಳಿ ಮೋಟಾರ್ ಇರುವ ವಿದ್ಯುತ್ ಸೈಕಲ್ ಇದ್ದರೆ ಅಳೆಯುವುದನ್ನು ಇನ್ನೂ ಬೇಗ ಬೇಗ ಮಾಡಬೇಕು. ಕಾಲಿನ ಬಲದ ಜೊತೆಗೆ ಮೋಟಾರಿನ ಬಲವೂ ಅದೇ ಚೈನಿನ ಮೂಲಕ ಹಾಯುತ್ತದೆ. ಚಕ್ರದ ಗುಂಬದಲ್ಲೇ ಮೋಟಾರ್ ಇದ್ದರೆ ಚೈನಿಗೆ ಆ ಹೆಚ್ಚಿನ ಹೊರೆ ಇಲ್ಲ.

## ಮಿತಿ ಮೀರಿಹೋಗಿದ್ದರೆ

ಮಿತಿಯ ಆಸುಪಾಸಿನಲ್ಲೇ ಬದಲಿಸಿದರೆ ಸಾಮಾನ್ಯವಾಗಿ ಚೈನ್ ಒಂದೇ ಸಾಕು. ಅದೇ ಕ್ಯಾಸೆಟ್ ಮುಂದೆ ಇನ್ನೂ ಎರಡು ಮೂರು ಚೈನ್‌ಗಳನ್ನು ಕಾಣಬಹುದು. ಶೇ 1 ದಾಟಿದ್ದರೆ ಗೇರ್ ಸೈಕಲ್‌ನಲ್ಲಿ ಕ್ಯಾಸೆಟ್ ಕೂಡ ಹೋಗಿರುವ ಸಾಧ್ಯತೆ ಹೆಚ್ಚು. ಹಲ್ಲನ್ನು ಕಣ್ಣಿನಿಂದ ನೋಡಿ ನಿರ್ಧರಿಸುವುದು ಕಷ್ಟ. ಗೇರ್ ಬದಲಾವಣೆ ಸುಲಭವಾಗಲೆಂದು ಹೊಸ ಕ್ಯಾಸೆಟ್‌ನಲ್ಲೇ ಕೆಲವು ಹಲ್ಲುಗಳನ್ನು ಗಿಡ್ಡವಾಗಿ, ಓರೆಯಾಗಿ ಕಡೆದಿರುತ್ತಾರೆ. ಅದನ್ನು ಸವೆತವೆಂದು ತಿಳಿದು ಒಳ್ಳೆಯ ಕ್ಯಾಸೆಟ್ಟನ್ನು ಎಸೆಯುವವರಿದ್ದಾರೆ. ಹೊಸ ಚೈನ್ ಹಾಕಿ ವಾಹನಗಳಿಲ್ಲದ ಜಾಗದಲ್ಲಿ, ಸೀಟಿನಲ್ಲಿ ಕೂತೇ, ಒಂದೊಂದು ಗೇರಿನಲ್ಲೂ ಬಲವಾಗಿ ತುಳಿದು ನೋಡುವುದೇ ಖಚಿತವಾದ ಪರೀಕ್ಷೆ. ಹಾರುವ ಗೇರ್‌ಗಳು ಸಿಕ್ಕರೆ ಕ್ಯಾಸೆಟ್ ಬದಲಿಸಬೇಕು.

ಚೈನನ್ನೂ ಹಲ್ಲುಗಳನ್ನೂ ಒಟ್ಟಿಗೇ ಸವೆಯಲು ಬಿಟ್ಟು, ಕೊನೆಗೆ ಎಲ್ಲವನ್ನೂ ಒಮ್ಮೆಲೇ ಬದಲಿಸುವ ದಾರಿಯನ್ನು ಕೆಲವರು ಬೇಕೆಂದೇ ಹಿಡಿಯುತ್ತಾರೆ. ಹಲ್ಲುಚಕ್ರಗಳು ಅಗ್ಗವಾಗಿದ್ದು, ಸಮತಟ್ಟಾದ ದಾರಿಯಲ್ಲಿ ಕೂತು ತುಳಿಯುವ ಸೈಕಲ್ ಆದರೆ ಈ ಲೆಕ್ಕ ತಪ್ಪೇನಲ್ಲ. ಗೇರ್ ಸೈಕಲ್‌ನಲ್ಲಿ, ಅದರಲ್ಲೂ ಏರು ಹತ್ತುವವರಿಗೆ, ನಾನು ಇದನ್ನು ಹೇಳಲಾರೆ. ಇನ್ನೊಂದು ತುದಿಯಲ್ಲಿ, ಎರಡು ಮೂರು ಚೈನ್‌ಗಳನ್ನು ಇಟ್ಟುಕೊಂಡು ಕೆಲವು ನೂರು ಕಿಲೋಮೀಟರಿಗೊಮ್ಮೆ ಅದಲುಬದಲು ಮಾಡುವವರೂ ಇದ್ದಾರೆ. ಎಲ್ಲ ಚೈನ್‌ಗಳೂ ಕ್ಯಾಸೆಟ್ಟಿನ ಜೊತೆ ಹದವಾಗಿ ಸವೆಯುವುದರಿಂದ ಯಾವುದೂ ಅದಕ್ಕೆ ಹೊರಗಿನದಾಗುವುದಿಲ್ಲ.

ಅಳತೆ ಸರಿಯಿದ್ದರೂ ತೆಗೆಯಬೇಕಾದ ಚೈನ್‌ಗಳೂ ಇವೆ. ಪಟ್ಟಿಯಲ್ಲಿ ಬಿರುಕು ಕಂಡರೆ, ಯಾವುದಾದರೂ ರೋಲರ್ ಒಡೆದು ಬಿದ್ದಿದ್ದರೆ, ಚೈನ್ ತಿರುಚಿಕೊಂಡಿದ್ದರೆ ಯೋಚಿಸುವ ಅಗತ್ಯವಿಲ್ಲ. ಮೇಲ್ಮೈಯ ತೆಳು ತುಕ್ಕು ಎಣ್ಣೆ ಮತ್ತು ಬಟ್ಟೆಗೆ ಬಿಟ್ಟುಹೋಗುತ್ತದೆ. ಎಣ್ಣೆ ಹಾಕಿ ಬಾಗಿಸಿದರೂ ಬಿಡದ ಗಡಸು ಕೀಲುಗಳು ಹಲವು ಇದ್ದರೆ ತುಕ್ಕು ಒಳಗೆ ಇಳಿದಿದೆ ಎಂದು ಅರ್ಥ.

## ಹೊಸ ಚೈನ್ ಆರಿಸುವಾಗ

ಪಿಚ್ ಒಂದೇ ಆದರೂ ಅಗಲ ಬೇರೆ ಬೇರೆ. ಹಿಂದೆ 8 ಹಲ್ಲುಚಕ್ರಗಳಿರುವ ಸೈಕಲ್‌ನ ಚೈನ್ ಸುಮಾರು 7 ಮಿ.ಮೀ. ಅಗಲವಿದ್ದರೆ 11ರದ್ದು ಸುಮಾರು 5.5 ಮಿ.ಮೀ. ಹಾಗಾಗಿ ಹಿಂದಿನ ಹಲ್ಲುಚಕ್ರಗಳನ್ನು ಎಣಿಸಿ ಆ ಸಂಖ್ಯೆಗೆ ಹೇಳಿದ ಚೈನನ್ನೇ ಕೊಳ್ಳಬೇಕು.

ಉದ್ದ ಕತ್ತರಿಸುವಾಗ ಒಂದು ತಪ್ಪು ಬಹಳ ಸುಲಭವಾಗಿ ಆಗುತ್ತದೆ. ಹಳೆಯ ಚೈನನ್ನು ಪಕ್ಕದಲ್ಲಿ ಹಾಸಿ ಅದರ ತುದಿಗೆ ಸರಿಯಾಗಿ ಹೊಸದನ್ನು ಕತ್ತರಿಸುವುದು. ಹಳೆಯದು ಉದ್ದವಾಗಿರುವುದರಿಂದಲೇ ಅಲ್ಲವೇ ಅದನ್ನು ತೆಗೆದದ್ದು? ಶೇ 1 ಸವೆದ 114 ಕೊಂಡಿಗಳ ಚೈನ್ ಹೊಸದಕ್ಕಿಂತ 14 ಮಿ.ಮೀ. ಮೀರಿ ಉದ್ದವಿರುತ್ತದೆ, ಒಂದು ಕೊಂಡಿಯೇ ಹೆಚ್ಚಾದಂತೆ. ಕೊಂಡಿಗಳನ್ನು ಎಣಿಸಿಯೇ ಕತ್ತರಿಸಬೇಕು. ತುದಿಗಳನ್ನು ಜೋಡಿಸುವ ಕ್ವಿಕ್‌ಲಿಂಕ್ ಎಂಬ ವಿಶೇಷ ಕೊಂಡಿಯನ್ನು, ತೆಳು ಚೈನ್‌ಗಳಲ್ಲಿ, ಒಮ್ಮೆ ಮಾತ್ರ ಬಳಸಬೇಕೆಂದು ಹಲವು ತಯಾರಕರು ಸೂಚಿಸುತ್ತಾರೆ. ಕೆಲವು ಚೈನ್‌ಗಳಿಗೆ ಒಳಬದಿ, ಹೊರಬದಿ ಎಂಬುದೂ ಇದೆ. ಪೊಟ್ಟಣದ ಸೂಚನೆಯನ್ನು ಓದಿಕೊಳ್ಳಿ.

## ಎಷ್ಟು ದಿನಕ್ಕೊಮ್ಮೆ ನೋಡಬೇಕು

ಚೈನ್ ಎಷ್ಟು ಕಿಲೋಮೀಟರ್ ಬಾಳುತ್ತದೆ ಎಂಬ ಪ್ರಶ್ನೆಗೆ ಒಂದು ಅಂಕಿ ಹೇಳಿದರೆ ಅದು ಯಾರಿಗೂ ಹೊಂದುವುದಿಲ್ಲ. ಒಣ ಡಾಂಬರು ರಸ್ತೆಯಲ್ಲಿ ಶುಚಿಯಾಗಿ ಓಡುವ ಚೈನ್ ಬಾಳುವುದರ ಒಂದು ಸಣ್ಣ ಪಾಲು ಮಾತ್ರ, ಕೆಸರು ಮರಳಿನಲ್ಲಿ ಓಡುವ ಅದೇ ಚೈನ್ ಬಾಳಬಹುದು. ಸವಾರನ ತೂಕ, ತುಳಿಯುವ ರೀತಿ, ಗೇರ್ ಬಳಸುವ ಅಭ್ಯಾಸ ಎಲ್ಲವೂ ಸೇರುತ್ತವೆ. ಮುಂದೆ ದೊಡ್ಡದು ಹಿಂದೆಯೂ ದೊಡ್ಡದು ಎಂಬಂತೆ ಚೈನ್ ಓರೆಯಾಗಿ ಓಡುವ ಗೇರ್‌ಗಳಲ್ಲಿ ಬಹಳ ಹೊತ್ತು ತುಳಿದರೆ ಸವೆತ ಹೆಚ್ಚು.

ಇವುಗಳಲ್ಲಿ ನಮ್ಮ ಕೈಯಲ್ಲಿರುವುದು ಎಣ್ಣೆ ಮತ್ತು ಶುಚಿ. ಎಣ್ಣೆ ಬೇಕಾದದ್ದು ಕೀಲಿನೊಳಗೆ. ಹಾಗಾಗಿ ಪ್ರತಿ ರೋಲರಿನ ಮೇಲೂ ಒಂದೊಂದು ಹನಿ ಬಿಟ್ಟು, ಪೆಡಲನ್ನು ಹಿಂದಕ್ಕೆ ತಿರುಗಿಸಿ ಒಳಗಿಳಿಯಲು ಬಿಡಬೇಕು. ಆಮೇಲೆ ಹೊರಗೆ ಉಳಿದದ್ದನ್ನು ಬಟ್ಟೆಯಿಂದ ಪೂರ್ತಿ ಒರೆಸಬೇಕು. ಈ ಒರೆಸುವ ಕೆಲಸವನ್ನೇ ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹೊರಗಿನ ಎಣ್ಣೆಯಿಂದ ಏನೂ ಪ್ರಯೋಜನವಿಲ್ಲ, ಅದು ಧೂಳನ್ನು ಹಿಡಿದು ಕೀಲಿನ ಬಾಯಿಗೆ ತಂದಿಡುತ್ತದೆ. ತುಕ್ಕು ಬಿಡಿಸುವ ತೆಳು ಸ್ಪ್ರೇಗಳು ಬೇಗ ಆರಿಹೋಗುವುದರಿಂದ ಎಣ್ಣೆಯ ಬದಲಿಗೆ ಬಳಸುವಂಥವಲ್ಲ. ಚೈನನ್ನು ಶುಚಿಗೊಳಿಸಿ ಕರಗಿಸಿದ ಮೇಣದಲ್ಲಿ ಅದ್ದುವವರೂ ಇದ್ದಾರೆ. ಮೇಣ ಒಣಗಿರುವುದರಿಂದ ಧೂಳು ಅಂಟುವುದು ಕಡಿಮೆ, ಚೈನಿನ ಆಯಸ್ಸು ಹೆಚ್ಚುತ್ತದೆ, ಕೆಲಸವೂ ಹೆಚ್ಚುತ್ತದೆ.

ದಿನವೂ ಓಡಿಸುವ ಸೈಕಲ್ ಆದರೆ ತಿಂಗಳಿಗೊಮ್ಮೆ ಅಳೆಯಿರಿ. ಮಳೆ ಕೆಸರಿನ ದಿನಗಳಲ್ಲಿ ಅದಕ್ಕಿಂತ ಬೇಗ, ಅಪರೂಪಕ್ಕೆ ಹೊರಬರುವ ಸೈಕಲ್ ಆದರೆ ಕೆಲವು ತಿಂಗಳಿಗೊಮ್ಮೆ. ಹೊಸ ಚೈನ್ ಹಾಕಿದ ದಿನವೇ ಒಮ್ಮೆ ಅಳೆದು ತಾರೀಕಿನೊಡನೆ ಬರೆದಿಟ್ಟುಕೊಂಡರೆ, ನಿಮ್ಮ ಗೇಜ್ ಅಥವಾ ಸ್ಕೇಲ್ ಹೊಸ ಚೈನಿನ ಮೇಲೆ ಎಷ್ಟು ತೋರಿಸುತ್ತದೆ ಎಂಬುದು ಗೊತ್ತಿರುತ್ತದೆ. ಮುಂದಿನ ಅಳತೆಗಳನ್ನು ಅದಕ್ಕೆ ಹೋಲಿಸಿ ನೋಡಬಹುದು. ಸವೆತ ಶೇ 0.3ರ ಹತ್ತಿರ ಬಂದಾಗ ಅಳೆಯುವ ಅಂತರವನ್ನು ಅರ್ಧಕ್ಕೆ ಇಳಿಸಿ, ಹೊಸ ಚೈನನ್ನು ತಂದಿಟ್ಟುಕೊಳ್ಳಿ.